ಟ್ಯಾಗಿನೊಳಗಿನ ಗುಟ್ಟು

ಕಚೇರಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಕತ್ತರಿ ಎಂದೇ. ನ್ಯಾಯಾಲಯದ ಕಂಪ್ಯೂಟರು ಆದೇಶಗಳನ್ನು ಎಕ್ಸ್‌ಎಂಎಲ್ ರೂಪದಲ್ಲಿ ಕಳಿಸುತ್ತಿತ್ತು. ಅದರಲ್ಲಿ ಪ್ರತಿ ಮಾಹಿತಿಗೂ ಹಿಂದೊಂದು ಮುಂದೊಂದು ಟ್ಯಾಗು, ಅಂದರೆ ಅದೇನೆಂದು ಹೇಳುವ ಗುರುತುಚೀಟಿ. ಹೆಸರಿಗೆ ಹೆಸರೆಂಬ ಟ್ಯಾಗು, ವಿಳಾಸಕ್ಕೆ ವಿಳಾಸವೆಂಬ ಟ್ಯಾಗು. ಪೊಲೀಸ್ ಠಾಣೆಯ ಮುದಿ ಯಂತ್ರಕ್ಕೆ ಇದೊಂದೂ ತಲೆಗೆ ಹೋಗದು, ಅದಕ್ಕೆ ಸಾದಾ ಟೆಕ್ಸ್ಟ್ ಫೈಲೇ ಆಗಬೇಕು. ನಡುವೆ ಕೂತು, ಟ್ಯಾಗುಗಳನ್ನು ಕತ್ತರಿಸಿ ಒಳಗಿನ ಮಾತನ್ನಷ್ಟೇ ಸಾಲಾಗಿ ಇಳಿಸುವ ಪ್ರೋಗ್ರಾಂ ಬರೆಯುವುದು ಇವನ ಹೊಟ್ಟೆಪಾಡು. ಕೆಲಸದಲ್ಲಿ ಎತ್ತಿದ ಕೈ, ಮಾತಿನಲ್ಲಿ ಮಹಾ ಜಿಪುಣ.

ಅಕ್ಕನ ವಿಷಯಕ್ಕೆ ಬಂದರೆ ಮಾತ್ರ ಮೈಯೆಲ್ಲ ಬೆಂಕಿ. ಭಾವ ಎಂಬ ಪ್ರಾಣಿ ಅವಳ ದವಡೆ ಮುರಿದಿದ್ದ, ಕಾದ ಇಸ್ತ್ರಿ ಪೆಟ್ಟಿಗೆಯನ್ನು ಬೆನ್ನಿಗೆ ಒತ್ತಿದ್ದ, ಎಲ್ಲಿಗೆ ಓಡಿದರೂ ಹುಡುಕಿ ಕೊಲ್ಲುತ್ತೇನೆ ಎಂದಿದ್ದ. ಬರೀ ಬಾಯಿಮಾತಲ್ಲ ಅದು. ಕತ್ತರಿಯೇ ಅವಳನ್ನು ಹೊರಡಿಸಿ, ಊರಿನ ಇನ್ನೊಂದು ತುದಿಯಲ್ಲಿ, ಮೂರನೇ ಮಹಡಿಯ ಕೋಣೆಯೊಂದನ್ನು ಹಿಡಿದುಕೊಟ್ಟ. ಗಂಡ ಅವಳ ಹತ್ತಿರ ಸುಳಿಯಬಾರದೆಂದು ನ್ಯಾಯಾಲಯ ಆದೇಶಿಸಿತು. ನ್ಯಾಯಾಲಯವನ್ನೂ ತಮ್ಮನನ್ನೂ ಬಿಟ್ಟರೆ ಆ ವಿಳಾಸ ನರಪಿಳ್ಳೆಗೂ ಗೊತ್ತಿರಲಿಲ್ಲ.

ಅದೇ ವಾರ ಠಾಣೆಯ ಯಂತ್ರ ಹಳೆಯ ಪ್ರೋಗ್ರಾಮಿನ ಫೈಲುಗಳನ್ನು ಓದಲಾರೆನೆಂದು ಮೊಂಡು ಹಿಡಿಯಿತು. ಮೇಲಧಿಕಾರಿ ತಲೆಯ ಮೇಲೆ ಕೂತ. ಕತ್ತರಿ ಎಲ್ಲವನ್ನೂ ಹೊಸದಾಗಿ ಬರೆದ, ನಾಲ್ಕಾರು ಮಾದರಿ ಹಾಕಿ ನೋಡಿದ, ಚೊಕ್ಕಟವಾಗಿ ಬಂತು, ಕೆಲಸಕ್ಕೆ ಹಚ್ಚಿಬಿಟ್ಟ. ಮರುದಿನ ಬೆಳಿಗ್ಗೆಯಿಂದ ಠಾಣೆಯಲ್ಲಿ ಆದೇಶಗಳ ನೋಟಿಸುಗಳು ಸರಾಗವಾಗಿ ಅಚ್ಚಾದವು. ಮೇಲಧಿಕಾರಿ ಬೆನ್ನು ತಟ್ಟಿದ. ಆ ಖುಷಿಯಲ್ಲೇ ಮಧ್ಯಾಹ್ನ ಅಕ್ಕನ ಕೋಣೆಗೆ ಊಟಕ್ಕೆ ಹೋದ.

ತಟ್ಟೆಯ ಮುಂದೆ ಕೂತಿದ್ದರಷ್ಟೇ, ಬಾಗಿಲು ಚಿಲಕದ ಸಮೇತ ಕಿತ್ತುಕೊಂಡು ಒಳಗೆ ಬಿತ್ತು. ಭಾವನ ಕೈಯಲ್ಲಿ ಕಬ್ಬಿಣದ ಸಲಾಕೆ. ಮೊದಲ ಏಟು ಅಕ್ಕನ ಭುಜಕ್ಕೆ. ಮೂಳೆ ಮುರಿದ ಸದ್ದು ಕತ್ತರಿಗೆ ಕೇಳಿಸಿತು. ಎರಡನೆಯದಕ್ಕೆ ಇವನು ಬಲಗೈ ಅಡ್ಡ ಕೊಟ್ಟ. ಬೆರಳುಗಳು ಜಜ್ಜಿಹೋದವು. ಜನ್ಮದಲ್ಲಿ ಯಾರ ಮೇಲೂ ಕೈ ಎತ್ತದ ಮನುಷ್ಯ ಭಾವನ ಕೆನ್ನೆಗೆ ಬಾಯಿ ಹಾಕಿ ಮಾಂಸ ಬರುವಂತೆ ಕಚ್ಚಿದ. ಭಾವ ಅವನನ್ನು ಗೋಡೆಗೆ ಅಪ್ಪಳಿಸಿ, ಸಲಾಕೆ ಎತ್ತಿ ತಲೆಗೆ ಗುರಿಯಿಟ್ಟ. ಅಷ್ಟರಲ್ಲಿ ಅಕ್ಕ ಆಡುವ ಕೈಯಿಂದಲೇ ಒಲೆಯ ಮೇಲಿನ ಕುದಿನೀರನ್ನು ಗಂಡನ ಮುಖಕ್ಕೆ ಎರಚಿದಳು. ಅವನು ಅರಚುತ್ತ ಬಿದ್ದ. ಕತ್ತರಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಎಡಗೈಯಲ್ಲಿ ಸಲಾಕೆ ಹಿಡಿದು, ಬಿದ್ದವನ ಮೊಣಕಾಲು ಪುಡಿಯಾಗುವವರೆಗೂ ಬಡಿದ. ಬಡಿಯುವಾಗ ಸುಖವಾಯಿತು, ಸುಳ್ಳೇಕೆ ಹೇಳಬೇಕು.

ನೆರೆಯವರು ಕರೆಸಿದ ಪೊಲೀಸಿನವನು ಬಂದು ಭಾವನ ಜೇಬು ತಡಕುತ್ತ, ಈ ವಿಳಾಸ ಇವನಿಗೆ ಯಾರು ಕೊಟ್ಟರೆಂದು ಕೇಳಿದ. ಅಕ್ಕ ಗೋಡೆಗೆ ಒರಗಿ, ತಮ್ಮನ ತಲೆಯನ್ನು ಮಡಿಲಿಗೆ ಎಳೆದುಕೊಂಡಿದ್ದಳು.

"ಕೋರ್ಟು ಬಿಟ್ರೆ ಗೊತ್ತಿದ್ದಿದ್ದು ನನ್ನ ತಮ್ಮನೊಬ್ಬನಿಗೇ ಸಾರ್. ಇವನು ಸತ್ರೂ ಬಾಯಿ ಬಿಡೋನಲ್ಲ."

ಜೇಬಿನಿಂದ ಬಂದ ಕಾಗದವನ್ನು ಪೊಲೀಸಿನವನು ಬಿಡಿಸಿದ. ಬೆಳಿಗ್ಗೆ ಠಾಣೆಯವರೇ ಭಾವನ ಕೈಗೆ ಕೊಟ್ಟ ನೋಟಿಸು. ಇಂಥವಳ ಹತ್ತಿರ ಹೋಗಕೂಡದು. ಕೆಳಗೆ ಇಂಥವಳ ಬೀದಿ, ಮಹಡಿ, ಬಾಗಿಲಿನ ಸಂಖ್ಯೆ. ಕತ್ತರಿ ಮಲಗಿದಲ್ಲಿಂದಲೇ ಅದನ್ನು ಓದಿದ. ವಿಳಾಸ ಗುಟ್ಟಾಗಿರಬೇಕೆಂಬ ಸೂಚನೆ ಟ್ಯಾಗಿನ ಹೊಟ್ಟೆಯೊಳಗೇ ಬರುತ್ತಿತ್ತು. ಹಳೆಯ ಪ್ರೋಗ್ರಾಂ ಅದನ್ನು ಕಂಡರೆ ಆ ಸಾಲನ್ನು ಖಾಲಿ ಬಿಡುತ್ತಿತ್ತು. ಇವನ ಹೊಸದು ಟ್ಯಾಗನ್ನು ಗುಟ್ಟಿನ ಸಮೇತ ಕತ್ತರಿಸಿ ಬಿಸಾಡಿ, ವಿಳಾಸವನ್ನು ಚೊಕ್ಕಟವಾಗಿ ಇಳಿಸಿತ್ತು. ಇವನು ಹಾಕಿ ನೋಡಿದ ಮಾದರಿಗಳಲ್ಲಿ ಗುಟ್ಟಿನ ವಿಳಾಸ ಒಂದೂ ಇರಲಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ತಪ್ಪು ಠಾಣೆಯವರ ತಲೆಯ ಮೇಲೆ ಬೀಳುತ್ತಿತ್ತು, ಅಕ್ಕನ ಮಡಿಲು ಇವನಿಗೆ ಉಳಿಯುತ್ತಿತ್ತು. ಅವನು ಎಡಗೈಯಿಂದ ಪೊಲೀಸಿನವನ ಕಾಲು ಹಿಡಿದ.

"ಮೊದಲು ಆ ಯಂತ್ರ ನಿಲ್ಲಿಸಿ. ಇದೊಂದೇ ಅಲ್ಲ, ಬೆಳಿಗ್ಗೆಯಿಂದ ಹೋಗಿರೋ ನೋಟಿಸಲ್ಲೆಲ್ಲ ಹೆಂಗಸರ ವಿಳಾಸ ಇದೆ. ಪ್ರೋಗ್ರಾಂ ಬರೆದೋನು ನಾನು."

ಪೊಲೀಸಿನವನು ವೈರ್‌ಲೆಸ್‌ನಲ್ಲಿ ಕೂಗಿದ. ಆ ಕಡೆಯ ದನಿ ಇನ್ನೆರಡು ಬೀದಿಗಳನ್ನು ಹೇಳಿತು. ಎರಡೂ ಕಡೆ ಆಗಲೇ ಪೊಲೀಸರು ಹೋಗಿದ್ದರು, ಒಂದು ಕಡೆ ಹೆಣ ಎತ್ತುವುದಕ್ಕೆ. ಅಕ್ಕ ತಮ್ಮನ ತಲೆಯನ್ನು ಮಡಿಲಿನಿಂದ ಮೆಲ್ಲಗೆ ನೆಲಕ್ಕೆ ಇಳಿಸಿದಳು.