ಎರಡೂವರೆ ಗಂಟೆಯ ಕಾಶಿ

ಅವ್ವನನ್ನು ವಿಮಾನದಲ್ಲಿ ಕಾಶಿಗೆ ಕರೆದುಕೊಂಡು ಹೋಗುತ್ತೇನೆಂದು ನನ್ನ ತಂಗಿ ಫೋನಿನಲ್ಲಿ ಹೇಳಿದ ದಿನ ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳೇಕೆ ಹೇಳಲಿ. ಅವ್ವ ಇರುವುದು ಕೈಲಾಂಚದ ನಮ್ಮ ಮನೆಯಲ್ಲಿ. ಅವಳ ಮಂಡಿಗೆ ಎಣ್ಣೆ ಹಚ್ಚುವವಳು ನಾನು, ರೈಲಿನಲ್ಲಿ ಕಾಶಿಗೆ ಕರೆದೊಯ್ಯುತ್ತೇನೆಂದು ಹತ್ತು ವರ್ಷದಿಂದ ಹೇಳುತ್ತಾ ಬಂದವಳೂ ನಾನೇ. ಚನ್ನಪಟ್ಟಣದಲ್ಲಿ ಅಂಗಡಿ ಇಟ್ಟುಕೊಂಡಿರುವ ತಂಗಿ ಬಾಯಿ ಬಿಟ್ಟ ಮಾರನೆಯ ದಿನವೇ ಟಿಕೆಟ್ ತೆಗೆಸಿಬಿಟ್ಟಳು. "ನೀನೂ ಬಾಕ್ಕ" ಎಂದಳು. ಆ ಕರೆ ಇನ್ನೂ ಉರಿಸಿತು. ಅವಳ ಹಿಂದೆ ಬಾಲ ಹಿಡಿದುಕೊಂಡು ನಾನು ಹೋಗಬೇಕೇ?

ಒಂದು ಕೆಲಸ ಮಾಡಿದೆ. ರೇಷ್ಮೆಯ ಮರಿಹುಳ ತಂದು ಮನೆ ತುಂಬಿಸಿದೆ. ಬೆರಳು ಮಡಿಚಿ ದಿನ ನೋಡಿಯೇ ತಂದಿದ್ದು. ಅವರು ಹೊರಡುವ ಹೊತ್ತಿಗೆ ಹುಳ ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿರಬೇಕು. ಕೊನೆಯ ಸಲ ಪೊರೆ ಬಿಟ್ಟು ಎದ್ದ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಆ ವಾರ ನಮ್ಮ ಮನೆಯಿಂದ ಯಾರೂ ನೆಂಟರ ಮದುವೆಗೂ ಹೋಗುವಂತಿಲ್ಲ. ಆ ಕಟ್ಟುಪಾಡು ಮಾಡಿದವಳೇ ಅವ್ವ.

"ಹುಳ ಬುಟ್ಟು ಹೆಂಗೋಗ್ತೀಯವ್ವ?" ಎಂದೆ, ಮುಖ ಸಪ್ಪಗೆ ಮಾಡಿಕೊಂಡು.

ಅವ್ವ ತಂಗಿಗೆ ಫೋನ್ ಮಾಡಿಸಿದಳು. ಬೆಂಗಳೂರಿಂದ ಕಾಶಿ ಸಾವಿರದ ಐನೂರು ಕಿಲೋಮೀಟರಿನ ಹತ್ತಿರ, ವಿಮಾನಕ್ಕೆ ಎರಡೂವರೆ ಗಂಟೆ ಎಂದಳಂತೆ ಅವಳು.

"ರೈಲಾಗಿದ್ರೆ ಓಗ್ತಿರ್ನಿಲ್ಲ ಕಣೆ. ಎರಡೂವರೆ ಗಂಟೆ ತಾನೆ? ಹುಳ ಹಣ್ಣಾಗಿ ಗೂಡು ಕಟ್ಟೋಷ್ಟ್ರಲ್ಲಿ ಬಂದ್ಬುಡ್ತೀನಿ" ಎಂದು ಅವ್ವ ಹೊರಟೇಬಿಟ್ಟಳು.

ನಂಬದೆ ನಾನೂ ಫೋನಿನಲ್ಲಿ ನೋಡಿದೆ. ಎರಡೂವರೆ ಗಂಟೆಯೇ. ನಮ್ಮ ಮನೆಯಿಂದ ವಿಮಾನ ನಿಲ್ದಾಣ ಮುಟ್ಟುವುದಕ್ಕೇ ಅಷ್ಟು ಹೊತ್ತು ಬೇಕು. ವಿಮಾನವೆಂದು ಗೊತ್ತಿದ್ದರೂ ಮನಸ್ಸಿನಲ್ಲಿ ರೈಲಿನ ದಿನಗಳನ್ನೇ ಎಣಿಸಿ ನಾನು ಹೂಡಿದ ಆಟ ಮಣ್ಣುಪಾಲಾಯಿತು. ಒಬ್ಬಳೇ ಸೊಪ್ಪು ಕೊಯ್ದು ಕೊಯ್ದು ಸೊಂಟ ಬಿದ್ದುಹೋಯಿತು. ಮೇಲೆ ವಿಮಾನದ ಸದ್ದಾದರೆ ಹಟಕ್ಕೆ ಕತ್ತೆತ್ತುತ್ತಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅವ್ವ ಬಂದಳು. ಗಂಗೆಯ ತಂಬಿಗೆಯನ್ನು ದೇವರ ಮುಂದಿಟ್ಟು, ಕೈಕಾಲು ತೊಳೆದು, ನನ್ನ ಪಕ್ಕ ಕೂತು ಹಣ್ಣಾದ ಹುಳ ಆರಿಸಿ ಗೂಡು ಕಟ್ಟಲು ಬಿದಿರಿನ ತಟ್ಟೆಯಾದ ಚಂದ್ರಿಕೆಗೆ ಬಿಡತೊಡಗಿದಳು. ಒಂದಷ್ಟು ಹೊತ್ತಾದ ಮೇಲೆ ತಲೆ ಎತ್ತದೆಯೇ ಹೇಳಿದಳು: "ಹುಳ ತರೋ ಮುಂಚೆ ಯಾವಾಗ್ಲೂ ನನ್ನ ಕೇಳ್ತಿದ್ದೆ. ಈ ಸಲ ಕೇಳ್ನೇ ಇಲ್ಲ."

ನಾಚಿಕೆಯಿಂದ ಕುಗ್ಗಿಹೋದೆ. ಆದರೂ ಬಾಯಿ ಸುಮ್ಮನಿರಲಿಲ್ಲ. "ಕಿಟಕಿ ತಾವ ಯಾರ್ ಕೂತಿದ್ರಿ?" ಎಂದು ಕೇಳಿದೆ. ತಂಗಿ ಎಂದಿದ್ದರೆ ಸಾಕಿತ್ತು, ಅವಳನ್ನು ಬಯ್ಯಲು ಒಂದು ನೆಪವಾದರೂ ಸಿಗುತ್ತಿತ್ತು.

"ನಾನೇ ಕಣವ್ವ. ಪಕ್ಕದ್ದು ಖಾಲಿ ಇತ್ತು, ಅದು ನಿನ್ ಸೀಟು. ನಿಂಗೂ ಟಿಕೆಟ್ ತಗ್ಸಿದ್ಲು, ಕೊನೇಲಿ ಮನ್ಸು ಬದ್ಲಾಯ್ಸಿ ಬತ್ತೀಯ ಅಂತ."