ದೊಡ್ಡಮ್ಮ ಕೈಮುಗಿದ ಹಾಡುಗಾರ

ಹೋದ ವಾರ ಚನ್ನಗಿರಿಯಲ್ಲಿ ಕ್ಷೌರಕ್ಕೆ ಕೂತಿದ್ದೆ. ಪಕ್ಕದ ಕುರ್ಚಿಯವನ ಮೊಬೈಲಿನಲ್ಲಿ ಪರದೇಶದ ನಟನೊಬ್ಬ ತನ್ನ ಗಂಡನ ಹೆಗಲ ಮೇಲೆ ಕೈಹಾಕಿ ನಗುತ್ತಿದ್ದ. ಹೌದು ಸ್ವಾಮಿ, ಗಂಡನ ಹೆಗಲ ಮೇಲೇ. ಮುಖದ ತುಂಬ ನೊರೆ ಹಚ್ಚಿಸಿಕೊಂಡವನು ನಗಬಾರದು, ಸೋಪು ಬಾಯಿಗೆ ಹೋಗುತ್ತದೆ. ಆದರೂ ನಕ್ಕೆ. ನನಗೆ ದೊಡ್ಡಮ್ಮ ನೆನಪಾಗಿದ್ದಳು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನಿಲ್ಲಿ ಒಂದು ಕಚೇರಿಯಲ್ಲಿ ಗುಮಾಸ್ತ, ವಯಸ್ಸು ಇಪ್ಪತ್ತೇಳು. ತಾಯಿಯಿಲ್ಲದ ನನ್ನನ್ನು ಸಾಕಿದವಳು ದೊಡ್ಡಮ್ಮ. ಅವಳ ಕಣ್ಣಿಗೆ ಪೊರೆ ಬಂದಿತ್ತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಕೂತಳೆಂದರೆ ನಾನು ಪೇಪರ್ ಓದಿ ಹೇಳಬೇಕು. ಮೊದಲು ಮಳೆ, ಆಮೇಲೆ ಅಡಿಕೆ ಧಾರಣೆ, ಕೊನೆಗೆ ಸತ್ತವರು. ಸತ್ತವರಲ್ಲಿ ಪರಿಚಯದವರಿಲ್ಲದಿದ್ದರೆ, “ಇವತ್ತು ಪೇಪರ್‌ನಾಗೆ ಏನೂ ಇಲ್ಲ ಬಿಡು” ಎನ್ನುತ್ತಿದ್ದಳು.

ಒಂದು ದಿನ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿ. ದೂರದೇಶದ ಹೆಸರುವಾಸಿ ಹಾಡುಗಾರನೊಬ್ಬ ತಾನು ‘ಸಲಿಂಗ ಪ್ರೇಮಿ’ ಎಂದು ಬಹಿರಂಗವಾಗಿ ಹೇಳಿಕೊಂಡಿದ್ದ. ತಡೆಯುವಷ್ಟರಲ್ಲಿ ಬಾಯಿ ಓದಿಬಿಟ್ಟಿತ್ತು. ಇಷ್ಟು ವರ್ಷ ನಾನೊಬ್ಬನೇ ಹೀಗೆ ಎಂದುಕೊಂಡಿದ್ದೆನಲ್ಲ, ಅದಕ್ಕೆ ಅಚ್ಚಿನಲ್ಲೊಂದು ಹೆಸರು! ನಾನು ಆ ನಾಲ್ಕು ಸಾಲನ್ನೇ ಮತ್ತೆ ಮತ್ತೆ ಮನಸ್ಸಿನಲ್ಲಿ ಓದಿಕೊಳ್ಳುತ್ತಿದ್ದರೆ, ದೊಡ್ಡಮ್ಮ ಎರಡೂ ಕೈಯೆತ್ತಿ ಮುಗಿದಳು.

“ನೋಡಪ್ಪ, ಎಲ್ಲಿ ಹುಟ್ಟಿದ್ರೇನು, ಲಿಂಗದ ಮ್ಯಾಲೆ ಪ್ರೇಮ ಬಂದೈತಲ್ಲ! ನಮ್ಮ ಹುಡುಗ್ರು ಲಿಂಗ ಕಟ್ಕಳ್ಳಾಕೆ ನಾಚ್ತಾವೆ.”

ತಿದ್ದಬಹುದಿತ್ತು, ತಿದ್ದಲಿಲ್ಲ. ಹೇಡಿತನದಲ್ಲಿ ಆಗ ತಾಲ್ಲೂಕಿಗೇ ನಾನು ಮೊದಲಿಗ. ಸಂಜೆಯೊಳಗೆ ಹಾಡುಗಾರನ ಶಿವಭಕ್ತಿ ಓಣಿಗೆಲ್ಲ ಗೊತ್ತಾಯಿತು. ಸೋಮವಾರ ಪೂಜೆಗೆ ಬರುವ ಅಯ್ಯನವರಿಗೂ ಹೇಳುತ್ತೇನೆಂದು ದೊಡ್ಡಮ್ಮ ಕಾದಳು. ಅಯ್ಯನವರು ಪೇಪರ್ ಓದುವವರು. ಅವಳ ಮರ್ಯಾದೆ ಹೋಗುವುದು ಖಂಡಿತ. ಅದಕ್ಕಿಂತ ದೊಡ್ಡ ಸಂಕಟ ಬೇರೆಯಿತ್ತು. ಅದೇ ವಾರ ನನಗೆ ಹೆಣ್ಣು ನೋಡಲು ಜಗಳೂರಿಗೆ ಹೋಗಬೇಕಿತ್ತು. ಹೋದರೆ ಬೇಡ ಎನ್ನಲು ನನಗೆ ಧೈರ್ಯ ಸಾಲದು, ಒಂದು ಹೆಣ್ಣುಮಗಳ ಬಾಳು ಹಾಳಾಗುತ್ತದೆ ಎಂದು ಊಟ ಸೇರುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಬತ್ತಿ ಹೊಸೆಯುತ್ತಿದ್ದವಳ ಪಕ್ಕ ಕೂತೆ.

“ದೊಡ್ಡಮ್ಮ, ಅದು ಆ ಲಿಂಗ ಅಲ್ಲ. ಆ ಹಾಡುಗಾರನ ಮನಸ್ಸು ಹೋಗಾದು ಗಂಡಸರ ಮ್ಯಾಲೇನೆ ಅಂತ ಅದರರ್ಥ.”

ಅವಳ ಕೈ ನಿಂತಿತು. “ತಾನೇ ಹೇಳ್ಕಂಡ್ನಾ?”

“ಹೂಂ.”

“ಅವನ ತಾಯಿ ಏನಂದ್ಲಂತೆ?”

“ಬರೆದಿಲ್ಲ.”

“ಅದನ್ನಲ್ವೇನೋ ಮೊದ್ಲು ಬರೀಬೇಕಾದ್ದು!” ಎಂದು ಪೇಪರಿನವರನ್ನು ಬೈದಳು. ಆಮೇಲೆ ತಡವರಿಸಿ ನನ್ನ ಕೈ ಹಿಡಿದುಕೊಂಡಳು. “ನೀನ್ಯಾಕೆ ನಡುಗ್ತೀಯ?”

“ನಾನೂ ಅವನಂಗೇ ದೊಡ್ಡಮ್ಮ.”

ಅವಳು ಇನ್ನೊಂದು ಕೈಯಿಂದ ಹತ್ತಿ, ಬತ್ತಿಗಳನ್ನು ಪಕ್ಕಕ್ಕೆ ಸರಿಸಿದಳು. ನನ್ನ ಕೈ ಮಾತ್ರ ಬಿಡಲಿಲ್ಲ.

“ಜಗಳೂರಿನೋರಿಗೆ ಬರಾದಿಲ್ಲ ಅಂತ ಹೇಳಿ ಕಳಿಸು. ಪಾಪ, ಆ ಹುಡುಗಿ ಏನು ಮಾಡೈತೆ?” ಎಂದಳು. “ಓಣಿಯೋರಿಗೆ ಏನೂ ಹೇಳಾಕೆ ಹೋಗಬ್ಯಾಡ. ಆ ಹಾಡುಗಾರ ಭಕ್ತ ಅಂತಾನೇ ಇರ್ಲಿ.”

ಅಬ್ಬಾ, ಎದೆಯ ಮೇಲಿನ ಚಪ್ಪಡಿ ಸರಿದಂತಾಯಿತು. ಮಧ್ಯಾಹ್ನ ಎಷ್ಟು ರೊಟ್ಟಿ ತಿಂದೆನೋ ಲೆಕ್ಕವಿಲ್ಲ. ಮರುದಿನ ಅಯ್ಯನವರ ಮುಂದೆ ದೊಡ್ಡಮ್ಮ ಬರೀ ಮಳೆಯ ಮಾತಾಡಿದಳು.

ಹೆಸರುವಾಸಿಗಳು ಹೇಳಿಕೊಂಡರೆ ಏನು ಮಹಾ, ಅವರಿಗೆ ಎಲ್ಲವೂ ಸಲ್ಲುತ್ತದೆ ಎಂದು ಮುಂದೆ ನಮ್ಮಂಥವರ ಹಕ್ಕಿಗಾಗಿ ಹೋರಾಟಕ್ಕಿಳಿದ ಬೆಂಗಳೂರಿನ ಗೆಳೆಯರು ನನ್ನೊಂದಿಗೆ ವಾದ ಮಾಡುತ್ತಿದ್ದರು. ಸುಳ್ಳಲ್ಲ. ಅವರು ಹೇಳಿದರೆ ಸುದ್ದಿ, ನಾವು ಹೇಳಿದರೆ ರಾದ್ಧಾಂತ. ಆದರೆ ‘ಅವನಂಗೇ’ ಎನ್ನಲು ನನಗೊಬ್ಬ ‘ಅವನು’ ಬೇಕಿತ್ತಲ್ಲ? ಅವನ ಒಂದು ಹಾಡನ್ನೂ ನಾನು ಇಂದಿನವರೆಗೆ ಕೇಳಿಲ್ಲ, ಅದು ಬೇರೆ ಮಾತು.

ಇಷ್ಟೆಲ್ಲ ಯೋಚಿಸುತ್ತಿರುವಾಗ ಕ್ಷೌರದವನು ಪಕ್ಕದ ಮೊಬೈಲಿನತ್ತ ಇಣುಕಿದ. “ಇವೆಲ್ಲ ಫಾರಿನ್ನಾಗೆ ಸಾರ್. ನಮ್ಮ ಚನ್ನಗಿರಿಯಾಗೆ ಅಂಥೋರು ಒಬ್ಬರೂ ಇಲ್ಲ.”

ದೊಡ್ಡಮ್ಮ ಹೋಗಿ ಎಷ್ಟೋ ಕಾಲವಾಯಿತು. ಅವಳನ್ನು ಬಿಟ್ಟು ಈ ಊರಿನಲ್ಲಿ ಯಾರಿಗೂ ನಾನು ಬಾಯಿಬಿಟ್ಟವನಲ್ಲ. ಈಗ ಕತ್ತಿ ಅವನ ಕೈಯಲ್ಲಿ, ಕತ್ತು ನನ್ನದು.

“ಯಾಕಪ್ಪ, ನಾನಿಲ್ವಾ?” ಎಂದೆ.

ಕತ್ತಿ ನಿಂತಿತು. ಕನ್ನಡಿಯಲ್ಲಿ ನನ್ನನ್ನೇ ಒಂದು ಗಳಿಗೆ ನೋಡಿದ.

“ಗದ್ದ ಮ್ಯಾಲೆತ್ರಿ ಸಾರ್” ಎಂದ. “ಕೆಳಗೆ ಇನ್ನೂ ಉಳಿದೈತೆ.”