ಬೀಗರ ಕಡೆಯ ಮರಿಲಿಂಗಪ್ಪ

ನಮ್ಮ ಕಾಲೇಜಿನ ಮೈದಾನದಲ್ಲಿ ಹಾಕಿ ಆಡಿ ಹೋದ ಯಾವ ತಂಡವನ್ನಾದರೂ ಕೇಳಿ ನೋಡಿ, ಸುರಪುರ ಅಂದರೆ ಸಾಕು, ಕಿವಿ ಮುಚ್ಚಿಕೊಳ್ಳುತ್ತಾರೆ. ಆ ಗದ್ದಲ ತಾನಾಗಿ ಹುಟ್ಟಿದ್ದಲ್ಲ, ನಾನು ಹುಟ್ಟಿಸಿದ್ದು. ಹದಿನಾಲ್ಕು ವರ್ಷದ ಹಿಂದೆ ಶಹಾಪುರದಿಂದ ಇಲ್ಲಿಗೆ ದೈಹಿಕ ಶಿಕ್ಷಣದ ಮೇಡಂ ಆಗಿ ಬಂದಾಗ, ನಮ್ಮ ಹುಡುಗಿಯರ ತಂಡಕ್ಕೆ ವಿಶ್ವವಿದ್ಯಾಲಯದ ಪಂದ್ಯವಿದ್ದ ದಿನವೂ ನಾಲ್ಕು ಆಡು, ಇಬ್ಬರು ಮುದುಕರು ಬಿಟ್ಟರೆ ನೋಡುವವರೇ ಇರಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇಂಥ ಸುಡುಗಾಡು ಮೌನದಲ್ಲಿ ಯಾರು ಆಡುತ್ತಾರೆ ಅಂತ ಅವತ್ತೇ ಹಟ ತೊಟ್ಟೆ.

ಹಾಸ್ಟೆಲ್ ಹುಡುಗರನ್ನು ಪಡುವಣ ಕಟ್ಟೆಯ ಮೇಲೆ ನೆರಳಿಗೆ ಕೂಡಿಸಿದೆ. ಅವರ ಹಿಂದಿನ ಕಂಪೌಂಡಿಗೆ ಹಳೇ ತಗಡು ಕಟ್ಟಿಸಿದೆ, ಕೈಯಿಂದ ಬಡಿಯಲಿಕ್ಕೆ. ರಂಗಂಪೇಟೆಯ ಹುಲಗಪ್ಪನನ್ನು ಹಲಗೆ ಬಾರಿಸಲು ಕರೆತಂದೆ, ಒಂದು ಕಟ್ಟಪ್ಪಣೆಯ ಜೊತೆಗೆ: ನಮ್ಮವರು ಚೆಂಡು ತಗೊಂಡು ಎದುರಿನವರ ಗೋಲಿನ ಹತ್ತಿರ ಹೋಗುವ ತನಕ ಹಲಗೆಗೆ ಕೈ ಹಚ್ಚಬಾರದು. ಗದ್ದಲ ಒಂದೇ ಸಮ ಇದ್ದರೆ ಅದಕ್ಕೆ ಕಿಮ್ಮತ್ತಿಲ್ಲ, ತಡೆದು ಒಮ್ಮೆಲೇ ಬಿಡಬೇಕು. ಮೈದಾನದ ಹಿಂದೆ ಗುಡ್ಡದ ಬಂಡೆಗಳಿವೆ, ಬಿಟ್ಟ ಸದ್ದು ಅಲ್ಲಿ ಬಡಿದು ವಾಪಸು ಬರುತ್ತದೆ. ಇನ್ನು ಹೊರಗಿನ ತಂಡದ ಬೆಂಚನ್ನು ಮೂಡಣ ಬದಿಗೆ ಹಾಕಿಸಿದೆ, ಮಧ್ಯಾಹ್ನದ ಬಿಸಿಲು ನೆಟ್ಟಗೆ ಮುಖಕ್ಕೆ ಹೊಡೆಯುವ ಕಡೆ. ಹೌದು, ಬೇಕಂತಲೇ ಮಾಡಿದ್ದು. ಯಾರು ಏನು ಬೇಕಾದರೂ ಅಂದುಕೊಳ್ಳಲಿ.

ಇಷ್ಟು ಚೆಂದ ಕಟ್ಟಿದ್ದಕ್ಕೆ ಕಲ್ಲು ಹಾಕುವವನೊಬ್ಬ ಬೇಕಲ್ಲ! ಅವನು ಹೊರಗಿನವನಲ್ಲ, ನಮ್ಮ ಕಾಲೇಜಿನದೇ ಜವಾನ ಮರಿಲಿಂಗಪ್ಪ.

ಕೆಲಸದಲ್ಲಿ ಅವನಿಗೆ ಹೆಸರಿಡುವಂತಿಲ್ಲ. ಪಂದ್ಯದ ದಿನ ಬೆಳಕು ಹರಿಯುವುದರೊಳಗೆ ಮೈದಾನಕ್ಕೆ ನೀರು ಹೊಡೆದು ಧೂಳು ಅಡಗಿಸುತ್ತಾನೆ. ಸುಣ್ಣದ ಗೆರೆ ಹಾಕಿದರೆ ಒಂದು ಬೆರಳು ಆಚೀಚೆ ಆಗುವುದಿಲ್ಲ. ಆದರೆ ಸೀಟಿ ಊದುವ ಹೊತ್ತಿಗೆ ಸುಣ್ಣದ ಖಾಲಿ ಬಕೆಟ್ ಎತ್ತಿಕೊಂಡು, ಎಲ್ಲರ ಎದುರೇ ಮೈದಾನ ಸುತ್ತು ಹಾಕಿ, ಮೂಡಣ ಬದಿಯ ಬೇವಿನ ಗಿಡದ ಬುಡಕ್ಕೆ ಹೋಗಿ, ಬಕೆಟ್ ಬೋರಲು ಹಾಕಿ ಕೂತುಬಿಡುತ್ತಾನೆ. ಕೂತು ಎದುರಿನ ತಂಡಕ್ಕೆ ಹುರುಪು ಕೊಡುತ್ತಾನೆ!

ಅದೂ ಹೆಸರು ಹಿಡಿದು. ಆಟಗಾರರ ಪಟ್ಟಿಯನ್ನು ಆಫೀಸಿನಿಂದ ಮೈದಾನದ ಟೇಬಲ್ಲಿಗೆ ತರುವವನು ಅವನೇ. ದಾರಿಯಲ್ಲಿ ನಿಂತು ಹೊರಗಿನವರ ಹನ್ನೊಂದು ಹೆಸರನ್ನೂ ಬಾಲ್‌ಪೆನ್ನಿನಿಂದ ಎಡ ಅಂಗೈ ಮೇಲೆ ಬರೆದುಕೊಳ್ಳುತ್ತಾನೆ. ಆಮೇಲೆ ಒಂದೊಂದೇ ಹೆಸರು ನೋಡಿಕೊಂಡು, "ಪರಿಮಳಾ, ಹೆದರಬ್ಯಾಡವ್ವಾ, ಬಲಕ್ಕ ನೋಡು! ರತ್ನಾಬಾಯಿ, ಶಾಬಾಸ್!" ಅಂತ ಒದರುತ್ತಾನೆ. ಮೊದಮೊದಲು ಆ ಹುಡುಗಿಯರಿಗೂ ಇವನು ಚೇಷ್ಟೆ ಮಾಡುತ್ತಿದ್ದಾನೆ ಅನಿಸುತ್ತದೆ. ಆಮೇಲೆ ಅವರ ಮುಖ ಸ್ವಲ್ಪ ಸಡಿಲಾಗುತ್ತದೆ. ಆಟ ಮುಗಿದ ಮೇಲೆ ಅವರು ಗಾಡಿ ಹತ್ತಿ ಹೋಗುತ್ತಾರೆ. ಅವನ ಹೆಸರು ಅವರಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ.

ನಮ್ಮ ಹುಡುಗರು ಅವನಿಗೆ 'ಬೀಗರ ಕಡೆಯವ' ಅಂತ ಹೆಸರಿಟ್ಟರು. ಕಾರಿಡಾರಿನಲ್ಲಿ ಎದುರಾದರೆ, "ಬೀಗರು ಆರಾಮದಾರೇನ್ರಿ?" ಅಂತ ಕಾಡುತ್ತಿದ್ದರು. ಅವನು ನಕ್ಕು ಮುಂದೆ ಹೋಗುತ್ತಿದ್ದ. ಮಧ್ಯಾಹ್ನ ಉಳಿದ ಜವಾನರೆಲ್ಲ ಒಟ್ಟಿಗೆ ಡಬ್ಬಿ ಬಿಚ್ಚಿದರೆ ಇವನು ಸ್ಟಿಕ್ಕುಗಳನ್ನಿಡುವ ಕೋಣೆಯಲ್ಲಿ ಒಬ್ಬನೇ ಉಣ್ಣುತ್ತಿದ್ದ. ನಾನೇನು ಕಮ್ಮಿ ಬೈದಿಲ್ಲ. ಪ್ರಿನ್ಸಿಪಾಲರಿಗೆ ಹೇಳಿ ಒಂದು ಮೆಮೊ ಕೂಡ ಕೊಡಿಸಿದೆ. ಅದೇ ಕಾಗದದ ಹಿಂಬದಿಗೆ ಉತ್ತರ ಬರೆದುಕೊಟ್ಟ ಪುಣ್ಯಾತ್ಮ: 'ಇನ್ನು ಮುಂದೆ ಸಣ್ಣಗೆ ಒದರುತ್ತೇನೆ.'

ಈ ಮರಿಲಿಂಗಪ್ಪನ ಮಗಳೇ ಸಂಘಮಿತ್ರಾ. ನಮ್ಮ ತಂಡದ ನಾಯಕಿ. ಹದಿನಾಲ್ಕು ವರ್ಷದಲ್ಲಿ ಅಂಥ ಆಟಗಾರ್ತಿಯನ್ನು ನಾನು ನೋಡಿಲ್ಲ. ತಾಯಿ ಸುಂದ್ರಮ್ಮ ತೀರಿಕೊಂಡು ನಾಲ್ಕು ವರ್ಷ, ರಂಗಂಪೇಟೆಯ ಎರಡು ಕೋಣೆಯ ಮನೆಯಲ್ಲಿ ಅಪ್ಪ ಮಗಳು ಇಬ್ಬರೇ. ಮೂರು ವರ್ಷ ಅವಳು ನಮಗಾಗಿ ಆಡಿದಳು, ಮೂರು ವರ್ಷವೂ ಅಪ್ಪ ಬೇವಿನ ಗಿಡದ ಕೆಳಗೆ ಕೂತು ಅವಳ ಎದುರಾಳಿಗಳ ಹೆಸರು ಒದರಿದ. ಹೋದ ವರ್ಷ ಸೆಮಿಫೈನಲ್ ಸೋತ ದಿನದಿಂದ ಅವಳು ಅಪ್ಪನ ಜೊತೆ ಮಾತು ಬಿಟ್ಟಳು. ಬೆಳಿಗ್ಗೆ ರೊಟ್ಟಿ ಬಡಿದು, ಪಲ್ಯ ಮಾಡಿ, ಮುಚ್ಚಿಟ್ಟು ಬರುತ್ತಾಳೆ. ಅವನು ಕಟ್ಟಿಕೊಂಡು ಬರುತ್ತಾನೆ. ಅಷ್ಟೇ ಅವರ ಸಂಬಂಧ.

ಈ ವರ್ಷ ಫೈನಲ್ ನಮ್ಮಲ್ಲೇ ಬಂತು. ಎದುರಿಗೆ ಬೀದರ ಕಡೆಯ ಕಾಲೇಜು. ವಾರದ ಮುಂಚೆ ಸಂಘಮಿತ್ರಾ ನನ್ನ ಕೋಣೆಗೆ ಬಂದಳು. ಸ್ಟಿಕ್ಕಿಗೆ ಸುತ್ತಿದ ಪಟ್ಟಿ ಬಿಚ್ಚುತ್ತ, ಸುತ್ತುತ್ತ ನಿಂತಳು.

"ಏನದು, ಹೇಳಬಾರದಾ?" ಅಂದೆ.

"ಮೇಡಂ, ಇದು ನಂದು ಕೊನೇ ಮ್ಯಾಚು. ಡಿಗ್ರಿ ಮುಗೀತು ಅಂದ್ರ ಸ್ಟಿಕ್ಕೂ ಮುಗೀತು. ಅಪ್ಪಗ ಒಂದ್ ಮಾತು ಹೇಳ್ರಿ. ಕಟ್ಟಿ ಮ್ಯಾಲ ಬಂದು ಕೂಡೋದೇನ್ ಬ್ಯಾಡ. ಒಂದs ಒಂದ್ ಸಲ ನನ್ನ ಹೆಸರು ಒದರಲಿ."

"ನೀನೇ ಹೇಳು."

"ನಾ ಕೇಳಿದ ಮ್ಯಾಲ ಒದರಿದ್ರ ಏನ್ ಬಂತ್ರಿ?" ಅಂದಳು. ಕಣ್ಣು ತುಂಬಿದ್ದವು. ಅವಳು ಅತ್ತಿದ್ದನ್ನು ಅಲ್ಲಿಯ ತನಕ ನಾನು ನೋಡಿರಲಿಲ್ಲ.

ನೆಟ್ಟಗೆ ಹೋದೆ. ಅವನು ಕೋಣೆಯಲ್ಲಿ ಕೂತು ಗೋಲಿನ ಬಲೆ ಹೊಲಿಯುತ್ತಿದ್ದ. ಬಾಯಿಗೆ ಬಂದಂತೆ ಬೈದೆ. ಹೆತ್ತ ಮಗಳಿಗಿಂತ ಕಂಡವರ ಮಕ್ಕಳು ಹೆಚ್ಚಾದರೇನು, ನಿನಗೇನು ತಲೆ ಸರಿ ಇದೆಯೋ ಇಲ್ಲವೋ ಅಂದೆ. ಅವನು ದಾರ ಕಡಿದು, ಗಂಟು ಹಾಕಿ, ಆಮೇಲೆ ಬಾಯಿ ಬಿಟ್ಟ.

"ಸಾಲಿಯಾಗ ಇದ್ದಾಗ ನಾ ಗೋಲಿನಾಗ ನಿಲ್ಲತಿದ್ದೆರಿ. ಒಮ್ಮೆ ರಾಯಚೂರಿಗೆ ಕರಕೊಂಡು ಹೋಗಿದ್ರು. ಅಲ್ಲಿ ಮಂದಿ ಅಂದ್ರ ಮಂದಿ. ಎಲ್ಲಾರೂ ಅವರವರ ಹುಡುಗೂರ ಹೆಸರು ಒದರತಿದ್ರು. ನಮ್ಮ ಹುಡುಗೂರು ಎಲ್ಲೋ ದೂರ ಮುಂದ ಆಡತಿದ್ರು. ಗೋಲಿನಾಗ ನಾ ಒಬ್ಬನ. ಅವಾಗ ಹಿಂದ ಶೇಂಗಾ ಮಾರೋ ಮುದುಕ ಒಬ್ಬಾಂವ, 'ಏ ಸುರಪುರ, ಹೆದರಬ್ಯಾಡೋ, ನಾ ಇದ್ದೀನಿ' ಅಂದ. ಆ ಮ್ಯಾಚು ಗೆದ್ವೋ ಸೋತ್ವೋ, ನೆನಪಿಲ್ಲರಿ. ಆ ಮುದುಕನ ದನಿ ಇನ್ನೂ ಕಿವ್ಯಾಗ ಅದ."

"ಅದು ಸರಿ. ಮಗಳ ಗತಿ ಏನು?"

"ಅಕಿ ಹೆಸರು ಒದರಾಕ ನೀವು ಮುನ್ನೂರು ಮಂದಿ ಕೂಡಿಸೀರಿ. ಅದರಾಗ ನಂದೊಂದು ದನಿ ಯಾರಿಗೆ ಕೇಳಸ್ತದ್ರಿ?"

"ಅವಳಿಗೆ ಕೇಳುತ್ತೆ!" ಅಂತ ಕಿರುಚಿದೆ. ಅವನು ಬಲೆ ಎಳೆದುಕೊಂಡು ಮತ್ತೆ ಹೊಲಿಯತೊಡಗಿದ.

ಅವತ್ತು ಮನೆಗೆ ಹೋಗಿ ಚಹಾ ಕಾಸಿಕೊಂಡು ಕೂತೆ. ನನ್ನದೂ ಬಾಡಿಗೆ ಮನೆ, ನಾನೊಬ್ಬಳೇ. ಈ ಊರಲ್ಲಿ ಎಲ್ಲರಿಗೂ ನಾನು ಮೇಡಂ. ಉಮಾಶ್ರೀ ಅಂತ ನನ್ನ ಹೆಸರು ಹಿಡಿದು ಕರೆದವರು ಯಾರು, ಯಾವಾಗ ಅಂತ ಲೆಕ್ಕ ಹಾಕಲು ಹೋಗಿ, ಹೋಗಲಿ ಬಿಡು ಅಂತ ಲೋಟ ತೊಳೆದಿಟ್ಟೆ.

ಫೈನಲ್ ದಿನ ಮೈದಾನ ನಾನು ಹದಿನಾಲ್ಕು ವರ್ಷ ಬಯಸಿದ ಹಾಗೇ ಇತ್ತು. ಕಟ್ಟೆಯ ಮೇಲೆ ಕಾಲಿಡಲು ಜಾಗವಿಲ್ಲ. ಹುಲಗಪ್ಪ ಹಲಗೆ ಕಾಯಿಸಿ ತಯಾರು. ಬೀದರದ ಹುಡುಗಿಯರು ನಸುಕಿನಲ್ಲಿ ಹೊರಟು, ಗಾಡಿಯಲ್ಲಿ ಮೈ ಹಣ್ಣು ಮಾಡಿಕೊಂಡು ಬಂದಿದ್ದರು. ಅವರ ಗೋಲು ಕಾಯುವವಳು ರಾಬಿಯಾ ಅಂತ, ಸಣ್ಣ ಹುಡುಗಿ. ಪ್ಯಾಡು ಕಟ್ಟಿಕೊಂಡರೆ ಪ್ಯಾಡೇ ನಡೆದು ಬಂದ ಹಾಗೆ ಕಾಣುತ್ತಿದ್ದಳು.

ಮರಿಲಿಂಗಪ್ಪ ಬಕೆಟ್ ಎತ್ತಿಕೊಂಡು ನಡೆದ. ಕಟ್ಟೆಯ ಮೇಲಿಂದ "ಹೋಯ್, ಬೀಗರ ಕಡೆಯವ!" ಅಂತ ಕೂಗೆದ್ದಿತು. ಸಂಘಮಿತ್ರಾ ನಡುಗೆರೆಯ ಮೇಲೆ ನಿಂತು ಅವನು ಗಿಡದ ಬುಡ ಮುಟ್ಟುವ ತನಕ ನೋಡಿದಳು. ಆಮೇಲೆ ಬೆನ್ನು ತಿರುಗಿಸಿದಳು.

ಆಟದ ಪೂರ್ತಿ ವಿವರ ಬೇಡ. ನಾವು ಒಂದು ಗೋಲು ಹಾಕಿದೆವು, ಅವರು ಎರಡು. ನಮ್ಮದನ್ನು ಹಾಕಿದವಳು ಸಂಘಮಿತ್ರಾ. ತಗಡು ಕಿತ್ತು ಬರುವ ಹಾಗೆ ಹುಡುಗರು ಬಡಿದರು. ಅವಳು ಮಾತ್ರ ಬೇವಿನ ಗಿಡದ ಕಡೆ ನೋಡಿದಳು. ಅಲ್ಲಿಂದ ಬಂದದ್ದು, "ರಾಬಿಯಾ, ಹೋದದ್ದು ಹೋಗ್ಲಿ ಬಿಡು, ಮುಂದಿನ ಚೆಂಡು ನೋಡು!"

ಕೊನೆಯ ನಿಮಿಷ. ಅವರ ಹುಡುಗಿಯೊಬ್ಬಳ ಕಾಲು ಗೋಲಿನ ಗೆರೆಯ ಮೇಲೆ ಚೆಂಡಿಗೆ ಅಡ್ಡ ಬಂತು. ಅಂಪೈರ್ ನಮಗೆ ಪೆನಾಲ್ಟಿ ಸ್ಟ್ರೋಕ್ ಕೊಟ್ಟ. ಏಳು ಗಜದಿಂದ ಒಂದು ಹೊಡೆತ, ಎದುರಿಗೆ ಗೋಲು ಕಾಯುವವಳು ಮಾತ್ರ. ಒಳಗೆ ಹೋದರೆ ಆಟ ಸಮ. ಸಂಘಮಿತ್ರಾ ಚೆಂಡಿನ ಮುಂದೆ ನಿಂತಳು.

ಮುನ್ನೂರು ಬಾಯಿ ಒಂದೇ ಹೆಸರು. ಸಂಘ-ಮಿತ್ರಾ, ಸಂಘ-ಮಿತ್ರಾ. ಹಲಗೆ, ತಗಡು, ಗುಡ್ಡದಿಂದ ಮರಳಿ ಬರುವ ಸದ್ದು. ನಾನು ಗಿಡದ ಕಡೆ ನೋಡಿದೆ. ಮರಿಲಿಂಗಪ್ಪ ಎದ್ದು ನಿಂತಿದ್ದ. ಬಾಯಿ ತೆರೆದಿತ್ತು. ಅಂಗೈ ಮುಖದ ಮುಂದೆ ಹಿಡಿದಿದ್ದ. ರಾಬಿಯಾ ಅಂತಲೂ ಅನ್ನಲಿಲ್ಲ, ಮಗಳ ಹೆಸರೂ ಅನ್ನಲಿಲ್ಲ. ಅಷ್ಟು ವರ್ಷದಲ್ಲಿ ಆ ಬೇವಿನ ಗಿಡದ ಕೆಳಗೆ ಅವನು ಸುಮ್ಮನೆ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಚೆಂಡು ಗೋಲಿನ ಕಂಬಕ್ಕೆ ಬಡಿದು ಹೊರಗೆ ಹೋಯಿತು.

ಒಮ್ಮೆಲೇ ಎಲ್ಲ ನಿಂತಿತು. ಹಲಗೆ ನಿಂತಿತು. ಬೀದರದವರು ರಾಬಿಯಾಳ ಮೇಲೆ ಬಿದ್ದು ಕುಣಿದರು. ಸಂಘಮಿತ್ರಾ ಅಲ್ಲೇ ಮೊಣಕಾಲೂರಿ ಕೂತಳು. ಕಟ್ಟೆಯ ಮೇಲಿಂದ ಒಬ್ಬ ಕೂಗಿದ, "ಬೇಕಂತs ಬಿಟ್ಟಾಳ! ಅಪ್ಪ ಬೀಗರ ಕಡೆ, ಮಗಳೂ ಬೀಗರ ಕಡೆ!" ಒಂದಿಷ್ಟು ಜನ ನಕ್ಕರು. ಮತ್ತೊಬ್ಬ ಸೀಟಿ ಹೊಡೆದ. ಆಮೇಲೆ ಅದೇ ಮಾತು ಕಟ್ಟೆಯ ತುಂಬ ಹಬ್ಬಿತು. ಅವರೆಲ್ಲ ನಾನು ಕೂಡಿಸಿದವರು, ಕೂಗುವುದನ್ನು ನಾನೇ ಕಲಿಸಿದವರು. ಬಾಯಿ ಮುಚ್ಚಿ ಅಂತ ಗದರಿದೆ, ಆ ಗದ್ದಲದಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ನನ್ನ ತಂಡದ ಉಳಿದ ಹತ್ತು ಹುಡುಗಿಯರಲ್ಲಿ ಒಬ್ಬಳೂ ಅವಳ ಹತ್ತಿರ ಹೋಗಲಿಲ್ಲ.

"ಸಂಘಮಿತ್ರಾ!"

ಮೂಡಣ ಬದಿಯಿಂದ ಬಂತು. ಮರಿಲಿಂಗಪ್ಪ ಬಕೆಟ್ ದಾಟಿ ತನ್ನದೇ ಸುಣ್ಣದ ಗೆರೆಯ ತನಕ ಬಂದು ನಿಂತಿದ್ದ.

"ಸಂಘಮಿತ್ರಾ! ಏಳವ್ವಾ! ಹೆದರಬ್ಯಾಡ, ನಾ ಇದ್ದೀನಿ! ಇನ್ನಾ ಆಟ ಮುಗದಿಲ್ಲ, ಏಳು!"

ಗುಡ್ಡ ಅದನ್ನು ಇನ್ನೊಮ್ಮೆ ಹೇಳಿತು. ಕಟ್ಟೆಯವರ ನಗೆ ನಿಂತಿತು. ಸಂಘಮಿತ್ರಾ ತಲೆ ಎತ್ತಲಿಲ್ಲ, ಆದರೆ ಎದ್ದಳು. ಉಳಿದ ನಲವತ್ತು ಸೆಕೆಂಡು ಅವಳು ಓಡಿದ ಓಟವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಅಷ್ಟೂ ಹೊತ್ತು ಮೈದಾನದಲ್ಲಿ ಅವನದೊಂದೇ ದನಿ. ಸೀಟಿ ಊದಿತು. ಸೋತೆವು.

ಬೀದರದವರು ಕಪ್ ಹಿಡಿದುಕೊಂಡು ಹೋದರು. ಕಟ್ಟೆ ಖಾಲಿಯಾಯಿತು. ಹುಲಗಪ್ಪ ನನ್ನ ಮುಖ ನೋಡದೆ ಹಲಗೆ ಹೆಗಲಿಗೇರಿಸಿಕೊಂಡು ಹೋದ. ನಾನು ಟೇಬಲ್ಲಿನ ಮೇಲಿನ ಕಾಗದ ಮಡಚುತ್ತ, ಬಿಚ್ಚುತ್ತ ಕೂತೆ. ಎದ್ದು ಹೋಗಲು ಮನಸ್ಸಾಗಲಿಲ್ಲ. ಇಳಿಬಿಸಿಲಲ್ಲಿ ಮರಿಲಿಂಗಪ್ಪ ಮೂಲೆಯ ಬಾವುಟ ಒಂದೊಂದೇ ಕೀಳುತ್ತಿದ್ದ. ಕೊನೆಯದನ್ನು ಕಿತ್ತು, ಬಕೆಟ್ ತಗೊಳ್ಳಲು ಬೇವಿನ ಗಿಡಕ್ಕೆ ಹೋದ.

ಸಂಘಮಿತ್ರಾ ಬೂಟು ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಮೈದಾನ ದಾಟಿ ಅವನ ಮುಂದೆ ಹೋಗಿ ನಿಂತಳು. ಒಂದು ವರ್ಷ ಆಗಿತ್ತು ಅವರು ಎದುರುಬದುರು ನಿಂತು. ಅವಳು ಅವನ ಎಡಗೈ ಹಿಡಿದು ಬೆರಳು ಬಿಡಿಸಿದಳು. ಬೆವರಿಗೆ ಅರ್ಧ ಅಳಿಸಿದ ಹನ್ನೊಂದು ಹೆಸರು. ಮೇಲಿನಿಂದ ಕೆಳಗಿನ ತನಕ ಒಂದೊಂದಾಗಿ ಓದಿದಳು.

"ಇದರಾಗ ನನ್ನ ಹೆಸರು ಎಲ್ಲದ?" ಅಂದಳು.

"ನಿನ್ನ ಹೆಸರು ಯಾಕ ಬರಕೋಬೇಕವ್ವಾ," ಅಂದ ಮರಿಲಿಂಗಪ್ಪ. "ಅದು ಮರೀತದೇನು?"